ಕಡತವಿಲ್ಲದ ಕತ್ತರಿ

ಚಲನಚಿತ್ರವೊಂದು ಚಿತ್ರಮಂದಿರದ ಪರದೆಗೆ ಬರಬೇಕಾದರೆ ಅದು ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ, ಅಂದರೆ ಇಂದಿಗೂ ಜನರ ಬಾಯಲ್ಲಿ ಸೆನ್ಸಾರ್ ಮಂಡಳಿಯೆಂದೇ ಉಳಿದಿರುವ ಸಂಸ್ಥೆಯ, ಪ್ರಮಾಣಪತ್ರ ಪಡೆದಿರಲೇಬೇಕು. ಟಿವಿ ಧಾರಾವಾಹಿಗೆ ಅಂಥ ಪೂರ್ವಪರೀಕ್ಷೆಯ ಕಟ್ಟುಪಾಡು ಇಲ್ಲ. 1995ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆ ಮತ್ತು ಅದರೊಂದಿಗೆ ಓದಬೇಕಾದ 1994ರ ನಿಯಮಗಳು ‘ಕಾರ್ಯಕ್ರಮ ಸಂಹಿತೆ’ ಎಂಬ ಕಟ್ಟಳೆಗಳ ಪಟ್ಟಿಯೊಂದನ್ನು ಕೊಟ್ಟು, ಧರ್ಮ ಮತ್ತು ಸಮುದಾಯಗಳ ಮೇಲಿನ ದಾಳಿ, ಅಶ್ಲೀಲತೆ, ಹಿಂಸೆಯ ಪ್ರಚೋದನೆ, ಮೂಢನಂಬಿಕೆಗೆ ಉತ್ತೇಜನ, ಹೆಣ್ಣಿನ ಅವಹೇಳನ ಮುಂತಾದವು ಪ್ರಸಾರವಾಗಕೂಡದೆಂದು ಹೇಳುತ್ತವೆಯೇ ಹೊರತು, ಕಂತು ಬಿತ್ತರವಾಗುವ ಮೊದಲೇ ಅದನ್ನು ಯಾರಿಗಾದರೂ ತೋರಿಸಿ ಒಪ್ಪಿಗೆ ತರಬೇಕೆಂದು ಹೇಳುವುದಿಲ್ಲ. ಕಾಗದದ ಮೇಲೆ ನೋಡಿದರೆ ಟಿವಿಗೆ ಸಿನಿಮಾಕ್ಕಿಂತ ಹೆಚ್ಚಿನ ಸ್ವಾತಂತ್ರ್ಯವಿದೆ. ವ್ಯವಹಾರದಲ್ಲಿ ಇರುವುದು ಇದಕ್ಕೆ ತದ್ವಿರುದ್ಧ. ಏಕೆಂದರೆ ಸರ್ಕಾರ ಕೈಗೆತ್ತಿಕೊಳ್ಳದ ಕತ್ತರಿಯನ್ನು ಒತ್ತಡ ಗುಂಪುಗಳು ಕೈಗೆತ್ತಿಕೊಂಡು ದಶಕಗಳೇ ಕಳೆದಿವೆ. ತಾವು ಚುನಾವಣೆಗೆ ನಿಲ್ಲದೆ, ಅಧಿಕಾರದ ಹೊಣೆಯನ್ನೂ ಹೊರದೆ, ಅಧಿಕಾರವುಳ್ಳವರ ಮತ್ತು ದುಡ್ಡು ಹಾಕಿದವರ ತೀರ್ಮಾನವನ್ನು ತಮ್ಮ ಕಡೆಗೆ ಬಾಗಿಸಲು ಹೊರಟ ಸಂಘಟನೆಗಳನ್ನು ರಾಜ್ಯಶಾಸ್ತ್ರ ಈ ಹೆಸರಿನಿಂದ ಕರೆಯುತ್ತದೆ. ಇಂಥ ಗುಂಪುಗಳು ಇರುವುದು ತಪ್ಪಲ್ಲ, ಅವು ಆಕ್ಷೇಪ ಎತ್ತುವುದೂ ತಪ್ಪಲ್ಲ. ಅವುಗಳ ಆಕ್ಷೇಪಕ್ಕೆ ಸಿಗುವ ಮನ್ನಣೆ ಯಾವ ಕಡತದಲ್ಲೂ ದಾಖಲಾಗದೆ, ಯಾವ ಮೇಲ್ಮನವಿಗೂ ಸಿಕ್ಕದೆ, ನೋಡುವವನ ಅರಿವಿಗೂ ಬಾರದೆ ಮುಗಿದುಹೋಗುವುದೇ ಬೇಸರದ ಸಂಗತಿ.

ಕಡತವಿರುವ ದಾರಿ ಇಲ್ಲವೆಂದಲ್ಲ. ಮೇಲೆ ಹೇಳಿದ ಕಾಯ್ದೆಯ 19ನೆಯ ಪ್ರಕರಣದಂತೆ, ಧರ್ಮ, ಜನಾಂಗ, ಭಾಷೆ, ಜಾತಿ ಅಥವಾ ಸಮುದಾಯದ ಹೆಸರಿನಲ್ಲಿ ವೈಮನಸ್ಯ ಬೆಳೆಸುವ ಅಥವಾ ಸಾರ್ವಜನಿಕ ನೆಮ್ಮದಿ ಕೆಡಿಸುವ ಸಂಭವವಿರುವ ಕಾರ್ಯಕ್ರಮದ ಪ್ರಸಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಪೊಲೀಸ್ ಆಯುಕ್ತರು ಆದೇಶ ಹೊರಡಿಸಿ ತಡೆಯಬಹುದು. 20ನೆಯ ಪ್ರಕರಣ ಅದಕ್ಕಿಂತ ದೊಡ್ಡ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ. 2021ರ ಜೂನ್‌ನಲ್ಲಿ ತಿದ್ದುಪಡಿಯಾದ ನಿಯಮಗಳು ಮೂರು ಹಂತಗಳ ದೂರು ವ್ಯವಸ್ಥೆಯನ್ನೂ ತಂದವು: ಮೊದಲು ವಾಹಿನಿಗೇ ದೂರು ಕೊಡಬೇಕು, ಅದು 15 ದಿನಗಳೊಳಗೆ ತೀರ್ಮಾನ ತಿಳಿಸಬೇಕು; ಒಪ್ಪಿಗೆಯಾಗದಿದ್ದರೆ ಪ್ರಸಾರಕರೇ ಕಟ್ಟಿಕೊಂಡ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬೇಕು; ಅಲ್ಲಿಯೂ ಸಮಾಧಾನವಾಗದಿದ್ದರೆ ಕೇಂದ್ರ ಸರ್ಕಾರದ ಮೇಲ್ವಿಚಾರಣೆಗೆ ಒಯ್ಯಬಹುದು. ಇವುಗಳಲ್ಲಿ ಯಾವ ದಾರಿ ಹಿಡಿದರೂ ಕಾರಣಗಳನ್ನು ಬರವಣಿಗೆಯಲ್ಲಿ ಕೊಡಬೇಕಾಗುತ್ತದೆ, ಎದುರು ಪಕ್ಷ ಉತ್ತರಿಸಬಹುದು, ನ್ಯಾಯಾಲಯ ಆ ಕಾರಣಗಳನ್ನು ಒರೆಗೆ ಹಚ್ಚಬಹುದು. ಒತ್ತಡ ಗುಂಪುಗಳಿಗೆ ಈ ದಾರಿ ರುಚಿಸದಿರಲು ಇದೇ ಕಾರಣವೆಂದು ತೋರುತ್ತದೆ. ಕಾರಣ ಕೇಳದ ಕಡೆಗೆ ಅವು ಹೋಗುತ್ತವೆ: ಚಿತ್ರೀಕರಣದ ಸೆಟ್ಟಿಗೆ, ಜಾಹೀರಾತುದಾರರ ಕಚೇರಿಗೆ, ಊರಿನ ಕೇಬಲ್‌ನವರ ಮನೆ ಬಾಗಿಲಿಗೆ.

ಕೊಲ್ಹಾಪುರ ಸೀಮೆಗೆ ಈ ವಿಷಯದಲ್ಲಿ ನೂರು ವರ್ಷಗಳ ಅನುಭವವಿದೆ. ಬಾಬುರಾವ್ ಪೇಂಟರ್ ಇಲ್ಲಿ ಕಟ್ಟಿದ ಮಹಾರಾಷ್ಟ್ರ ಫಿಲ್ಮ್ ಕಂಪನಿಯ ‘ಸೈರಂಧ್ರಿ’ 1920ರಲ್ಲಿ ತೆರೆಗೆ ಬಂದಾಗ, ಕೀಚಕವಧೆಯ ದೃಶ್ಯ ತೀರ ನಿಜವೆನಿಸುವಷ್ಟು ಭೀಕರವಾಗಿದೆಯೆಂಬ ಕಾರಣಕ್ಕೆ ಕತ್ತರಿಗೆ ಸಿಕ್ಕಿತು. ಅದು ಬ್ರಿಟಿಷ್ ಸರ್ಕಾರದ ಕತ್ತರಿ, ಕಾರಣ ಹೇಳಿ ಪ್ರಯೋಗಿಸಿದ್ದು. ಆಮೇಲಿನ ಕಾಲದ ಕತ್ತರಿಗಳ ಸ್ವರೂಪ ಬೇರೆ. 2017ರ ಮಾರ್ಚ್‌ನಲ್ಲಿ ಪನ್ಹಾಳಗಡದ ಹತ್ತಿರದ ಮಸಾಯಿ ಪಠಾರದ ಮೇಲೆ ಹಾಕಿದ್ದ ‘ಪದ್ಮಾವತಿ’ ಚಿತ್ರದ ಸೆಟ್ಟಿಗೆ ರಾತ್ರಿ ಹೊತ್ತು ನುಗ್ಗಿದ ಗುಂಪು ಬೆಂಕಿ ಹಚ್ಚಿತು. ಚಿತ್ರ ಆಗಿನ್ನೂ ಪೂರ್ಣವಾಗಿರಲಿಲ್ಲ, ಅದರಲ್ಲಿ ಏನಿದೆಯೆಂಬುದನ್ನು ಯಾರೂ ನೋಡಿರಲಿಲ್ಲ. 2019ರ ಡಿಸೆಂಬರ್ ಕೊನೆಯಲ್ಲಿ ಗಡಿ ವಿವಾದ ಕಾವೇರಿದಾಗ ಕೊಲ್ಹಾಪುರದ ಚಿತ್ರಮಂದಿರದಲ್ಲಿ ನಡೆಯುತ್ತಿದ್ದ ಕನ್ನಡ ಚಿತ್ರ ‘ಅವನೇ ಶ್ರೀಮನ್ನಾರಾಯಣ’ದ ಪ್ರದರ್ಶನವನ್ನು ಶಿವಸೇನೆಯ ಕಾರ್ಯಕರ್ತರು ನಿಲ್ಲಿಸಿದರು, ಚಿತ್ರದೊಳಗಿನ ಯಾವ ಮಾತಿಗೂ ದೃಶ್ಯಕ್ಕೂ ಇಲ್ಲಿ ಆಕ್ಷೇಪವಿರಲಿಲ್ಲ, ಅದರ ಭಾಷೆಯೇ ಅಪರಾಧವಾಗಿತ್ತು. ಮರುವರ್ಷ ಅಕ್ಟೋಬರ್‌ನಲ್ಲಿ ಸ್ಟಾರ್ ಪ್ರವಾಹ ವಾಹಿನಿ ಆರಂಭಿಸಿದ, ಕೊಲ್ಹಾಪುರ ಚಿತ್ರನಗರಿಯಲ್ಲೇ ಚಿತ್ರಿತವಾಗುತ್ತಿದ್ದ ‘ದಖ್ಖನ್‌ಚಾ ರಾಜಾ ಜ್ಯೋತಿಬಾ’ ಧಾರಾವಾಹಿಯ ಕಥೆ ಪರಂಪರೆಯ ಕಥೆಗೆ ಸರಿಹೊಂದುವುದಿಲ್ಲವೆಂದು ಜ್ಯೋತಿಬಾ ಗುಡ್ಡದ ಊರವರೂ ಪೂಜಾರಿಗಳೂ ತಕರಾರು ತೆಗೆದರು. ಬೆಳಗಾವಿ, ಚಿಕ್ಕೋಡಿ ಕಡೆಗಳಿಂದ ಚೈತ್ರದ ಜಾತ್ರೆಗೆ ಹೋಗುವ ಕನ್ನಡ ಮನೆತನಗಳಿಗೂ ಕುಲದೇವರಾದ ಜ್ಯೋತಿಬಾನ ಕಥೆಯನ್ನು ಇಂಥದೊಂದೇ ಬಗೆಯಲ್ಲಿ ಹೇಳಬೇಕೆಂದು ತೀರ್ಮಾನಿಸುವ ಹಕ್ಕು ಗುಡ್ಡದ ಮೇಲಿನವರಿಗೆ ಮಾತ್ರ ಸೇರಿದ್ದೆ ಎಂಬ ಪ್ರಶ್ನೆ ಆಗ ಏಳಬೇಕಾಗಿತ್ತು.

ಧಾರಾವಾಹಿಯ ವ್ಯವಹಾರವೇ ಅದನ್ನು ಒತ್ತಡಕ್ಕೆ ಸುಲಭದ ತುತ್ತಾಗಿಸಿದೆ. ಸಿನಿಮಾ ಒಮ್ಮೆ ಮುಗಿದು ಡಬ್ಬದಲ್ಲಿ ಕುಳಿತ ಸರಕು. ತಡೆ ಬಂದರೆ ನಿರ್ಮಾಪಕ ನ್ಯಾಯಾಲಯಕ್ಕೆ ಹೋಗಿ ವಾರಗಟ್ಟಲೆ ಕಾಯಬಲ್ಲ. ದಿನವಹಿ ಧಾರಾವಾಹಿಯ ಕಂತುಗಳು ಪ್ರಸಾರಕ್ಕೆ ಕೆಲವೇ ದಿನ ಮುಂಚಿತವಾಗಿ ಚಿತ್ರಿತವಾಗುತ್ತವೆ, ಒಂದು ದಿನ ಸೆಟ್ ನಿಂತರೆ ಆ ವಾರದ ಪ್ರಸಾರವೇ ಹದ ತಪ್ಪುತ್ತದೆ, ಕಂತು ತಪ್ಪಿದರೆ ಟಿಆರ್‌ಪಿ ಎಂಬ ವೀಕ್ಷಣಾ ಮಾಪನ ಇಳಿಯುತ್ತದೆ, ಅದು ಇಳಿದರೆ ಜಾಹೀರಾತಿನ ದರ ಇಳಿಯುತ್ತದೆ. ಹೀಗಾಗಿ ನ್ಯಾಯ ತನ್ನ ಕಡೆಗಿದ್ದರೂ ವಾಹಿನಿಗೆ ಹೋರಾಟಕ್ಕಿಂತ ರಾಜಿ ಅಗ್ಗವಾಗಿ ಕಾಣುತ್ತದೆ. ಬರಹಗಾರನಿಗೆ ಒಂದು ಸೂಚನೆ ಹೋಗುತ್ತದೆ, ಪಾತ್ರದ ಅಡ್ಡಹೆಸರು ಬದಲಾಗುತ್ತದೆ, ಜಾತಿ ಗೊತ್ತಾಗುವ ಮಾತು ಮೌನವಾಗುತ್ತದೆ, ಎರಡು ವಾರಗಳಲ್ಲಿ ಆ ಎಳೆಯೇ ಕಥೆಯಿಂದ ಮಾಯವಾಗುತ್ತದೆ. ಹೊರಗಿನವರಿಗೆ ಇದು ಕಥೆಗಾರನ ಇಚ್ಛೆಯಂತೆಯೇ ತೋರುತ್ತದೆ. ಮುಂದಿನ ಧಾರಾವಾಹಿಯ ಹೊತ್ತಿಗೆ ಯಾರೂ ಬಂದು ಕೇಳುವ ಅಗತ್ಯವೂ ಉಳಿದಿರುವುದಿಲ್ಲ.

ಆದರೆ ಕೊಲ್ಹಾಪುರ ಜಿಲ್ಲೆಯ ಕನ್ನಡಿಗರನ್ನು ಅತಿ ಹೆಚ್ಚು ತಟ್ಟಿದ ನಿರ್ಬಂಧ ಬಂದದ್ದು ಕೊಲ್ಹಾಪುರದಿಂದಲ್ಲ, ಬೆಂಗಳೂರಿನಿಂದ. ಕಾಗಲ ತಾಲ್ಲೂಕು, ಕೈಮಗ್ಗದಿಂದ ಯಂತ್ರಮಗ್ಗಕ್ಕೆ ಬೆಳೆದ ಇಚಲಕರಂಜಿ, ಸಂಕೇಶ್ವರಕ್ಕೆ ಹೊಂದಿಕೊಂಡಂತಿರುವ ಗಡಹಿಂಗ್ಲಜ ಇವೆಲ್ಲ ಸಂತೆಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ ಎಂಬಂತೆ ಎರಡು ಭಾಷೆಗಳನ್ನು ಒಟ್ಟಿಗೆ ಬಾಳಿಸುವ ಮನೆಗಳಿರುವ ಸೀಮೆ. ಶಾಲೆ, ತಹಶೀಲ್ದಾರ ಕಚೇರಿ, ಸಕ್ಕರೆ ಕಾರ್ಖಾನೆಯ ಪಾವತಿ, ಎಲ್ಲವೂ ಮರಾಠಿಯಲ್ಲಿ ನಡೆಯುವಾಗ ಮನೆಯ ಹಿರಿಯ ಹೆಂಗಸರಿಗೆ ಹೊರಗಿನ ಕನ್ನಡ ಕಿವಿಗೆ ಬೀಳುವ ಮುಖ್ಯ ಮಾರ್ಗವೆಂದರೆ ಟಿವಿಯೇ. ಇಂಥ ಮನೆಗಳ ಎದುರಿಗೆ 2012ರ ಮೇ 6ರಂದು ಅಮೀರ್ ಖಾನ್ ನಡೆಸಿಕೊಟ್ಟ ‘ಸತ್ಯಮೇವ ಜಯತೇ’ ಬಂತು. ಹಿಂದಿಯ ಜೊತೆಗೇ ಅದು ಮರಾಠಿ, ತಮಿಳು, ತೆಲುಗು, ಮಲಯಾಳ, ಬಂಗಾಳಿ ಭಾಷೆಗಳಲ್ಲಿ ಪ್ರಸಾರವಾಯಿತು. ಕನ್ನಡದಲ್ಲಿ ಮಾತ್ರ ಆಗಲಿಲ್ಲ, ಏಕೆಂದರೆ ಕನ್ನಡ ಚಿತ್ರರಂಗ ಮತ್ತು ಕಿರುತೆರೆಯ ಸಂಘಟನೆಗಳು ಡಬ್ಬಿಂಗನ್ನು, ಅಂದರೆ ಬೇರೆ ಭಾಷೆಯಲ್ಲಿ ಚಿತ್ರಿತವಾದುದಕ್ಕೆ ಕನ್ನಡದ ಧ್ವನಿ ಕೂರಿಸುವುದನ್ನು, ಒಪ್ಪಲಿಲ್ಲ. ಮೊದಲ ಕಂತಿನ ವಿಷಯ ಹೆಣ್ಣು ಭ್ರೂಣಹತ್ಯೆ. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 839 ಹೆಣ್ಣುಮಕ್ಕಳು ಮಾತ್ರ ಎಣಿಕೆಗೆ ಸಿಕ್ಕಿದ್ದ ಜಿಲ್ಲೆ ಕೊಲ್ಹಾಪುರ. ಸೋನೋಗ್ರಫಿ ಯಂತ್ರಗಳ ಮೇಲೆ ಕಣ್ಣಿಡಲು ಆಡಳಿತವೇ ಅವುಗಳಿಗೆ ನಿಗಾ ಉಪಕರಣ ಜೋಡಿಸಬೇಕಾಗಿ ಬಂದ ಜಿಲ್ಲೆ. ಆ ಕಂತನ್ನು ತಮ್ಮ ಮಾತಿನಲ್ಲಿ ಕೇಳಬೇಕಾಗಿದ್ದ ಹೆಂಗಸರು ಇಲ್ಲಿ ಯಾರಾದರೂ ಇದ್ದರೆ ಅವರು ಸ್ಟಾರ್ ಪ್ರವಾಹಕ್ಕೆ ತಿರುಗಿಸಿ ಮರಾಠಿಯಲ್ಲಿ ಕೇಳಬೇಕಾಯಿತು. ಕನ್ನಡವನ್ನು ಕಾಪಾಡುತ್ತೇವೆಂದು ಹೊರಟವರ ಒತ್ತಡ ಗಡಿಯ ಕನ್ನಡದ ಮನೆಯನ್ನು ಮರಾಠಿಯ ಕೈಗೆ ಒಪ್ಪಿಸಿತು. ಇದಕ್ಕಿಂತ ವಿಚಿತ್ರವಾದ ಭಾಷಾರಕ್ಷಣೆಯನ್ನು ಕಲ್ಪಿಸುವುದು ಕಷ್ಟ.

ಡಬ್ಬಿಂಗ್ ವಿರೋಧ ಹುಟ್ಟಿದ ಕಾಲದಲ್ಲಿ ಅದಕ್ಕೆ ಗಟ್ಟಿಯಾದ ಕಾರಣಗಳಿದ್ದವು ಎಂಬುದನ್ನು ಮರೆಯಬಾರದು. 1950 ಮತ್ತು 60ರ ದಶಕಗಳಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದುದು ಬೆರಳೆಣಿಕೆಯಷ್ಟು, ಅವುಗಳಲ್ಲಿ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ. ಚಿತ್ರಮಂದಿರಗಳು ಪರಭಾಷೆಯ ಹಿಡಿತದಲ್ಲಿದ್ದವು. ಅ.ನ.ಕೃ., ಮ. ರಾಮಮೂರ್ತಿ, ರಾಜಕುಮಾರ್ ಅವರಂಥವರು ದನಿ ಎತ್ತಿದ ಆ ಚಳವಳಿ ಕನ್ನಡದ ಕಲಾವಿದರಿಗೂ ತಂತ್ರಜ್ಞರಿಗೂ ಅನ್ನದ ದಾರಿ ಮಾಡಿಕೊಟ್ಟಿತು. ಆದರೆ ಆ ನಿರ್ಬಂಧವನ್ನು ಯಾವ ಶಾಸನಸಭೆಯೂ ಕಾನೂನಾಗಿ ಮಾಡಿರಲಿಲ್ಲ. ಸಂಘಗಳ ನಡುವಿನ ಒಪ್ಪಂದವೇ ನಾಲ್ಕು ದಶಕಗಳಿಗೂ ಮೀರಿ ಕಾನೂನಿನಂತೆ ನಡೆದುಬಂತು. ವರ್ಷಕ್ಕೆ ನೂರಕ್ಕೂ ಹೆಚ್ಚು ಚಿತ್ರಗಳು ಬರತೊಡಗಿದ ಮೇಲೂ, ಖಾಸಗಿ ವಾಹಿನಿಗಳು ಹುಟ್ಟಿದ ಮೇಲೂ, ಅದು ಇನ್ನೂ ಬೇಕೆ ಎಂದು ಯಾರಾದರೂ ಕೇಳಿದರೆ ಅದೇ ನಾಡದ್ರೋಹದ ಪ್ರಶ್ನೆಯೆನಿಸಿತು. ತುರ್ತಿನ ಕಾಲದಲ್ಲಿ ಹಾಕಿದ ಬೇಲಿಯನ್ನು ತೆಗೆಯುವ ದಿನ ಯಾವುದೆಂದು ಹಾಕಿದವರು ಹೇಳದಿದ್ದರೆ, ಬೇಲಿಯ ಕಾವಲೇ ಒಂದು ಉದ್ಯೋಗವಾಗಿ ಬೆಳೆಯುತ್ತದೆ.

ಆ ಬೇಲಿ ಮುರಿದದ್ದು ವಾಕ್ ಸ್ವಾತಂತ್ರ್ಯದ ವಾದದಿಂದಲ್ಲ, ವ್ಯಾಪಾರದ ಕಾನೂನಿನಿಂದ ಎಂಬುದು ಗಮನಿಸಬೇಕಾದ ಅಂಶ. 2012ರಲ್ಲಿ ಕನ್ನಡ ಗ್ರಾಹಕರ ಕೂಟ ಭಾರತದ ಸ್ಪರ್ಧಾ ಆಯೋಗಕ್ಕೆ, ಅಂದರೆ ಮಾರುಕಟ್ಟೆಯಲ್ಲಿ ಪೈಪೋಟಿಯನ್ನು ಕೊಲ್ಲುವ ಒಳ ಒಪ್ಪಂದಗಳನ್ನು ವಿಚಾರಿಸುವ ಸಂಸ್ಥೆಗೆ, ದೂರು ಕೊಟ್ಟಿತು. 2015ರ ಜುಲೈನಲ್ಲಿ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತು ಕಿರುತೆರೆಯ ಸಂಘವೂ ಸೇರಿದಂತೆ ಕೆಲವು ಸಂಘಟನೆಗಳ ನಡೆ ಪೈಪೋಟಿಗೆ ವಿರುದ್ಧವೆಂದು ತೀರ್ಮಾನಿಸಿ ದಂಡ ಹಾಕಿತು. ಇದಕ್ಕೆ ಸಮಾನವಾದ ಬಂಗಾಳದ ಪ್ರಕರಣವೊಂದು, ಅದೂ ಬಂಗಾಳಿಗೆ ಡಬ್ ಆದ ‘ಮಹಾಭಾರತ’ ಧಾರಾವಾಹಿಯ ಪ್ರಸಾರವನ್ನು ಕಲಾವಿದರ ಸಂಘಟನೆಗಳು ತಡೆದ ಪ್ರಕರಣ, ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರ ಮಾರ್ಚ್‌ನಲ್ಲಿ ಆಯೋಗದ ಪರವಾಗಿಯೇ ಇತ್ಯರ್ಥವಾಯಿತು. 2020ರ ಲಾಕ್‌ಡೌನ್ ಕಾಲದಲ್ಲಿ ಚಿತ್ರೀಕರಣಗಳೆಲ್ಲ ನಿಂತಾಗ ಸ್ಟಾರ್ ಸುವರ್ಣ ಡಬ್ ಮಾಡಿದ ‘ಮಹಾಭಾರತ’ವನ್ನು ಪ್ರಸಾರ ಮಾಡಿತು, ಜನ ಮುಗಿಬಿದ್ದು ನೋಡಿದರು, ಕನ್ನಡಕ್ಕೆ ಏನೂ ಆಗಲಿಲ್ಲ.

ನ್ಯಾಯಾಲಯಗಳ ಮುಂದೆ ಬಂದ ಹಳೆಯ ಟಿವಿ ಪ್ರಕರಣಗಳನ್ನು ನೋಡಿದರೆ, ಬರವಣಿಗೆಯಲ್ಲಿ ಕಾರಣ ಕೊಡಬೇಕಾದ ಜಾಗದಲ್ಲಿ ಇಂಥ ಬೇಡಿಕೆಗಳು ಹೇಗೆ ಕರಗುತ್ತವೆ ಎಂಬುದು ಕಾಣುತ್ತದೆ. ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿ ಗೋವಿಂದ ನಿಹಲಾನಿ ಮಾಡಿದ, ದೇಶ ವಿಭಜನೆಯ ಕಾಲದ ಗಲಭೆಗಳ ‘ತಮಸ್’ 1988ರ ಜನವರಿಯಲ್ಲಿ ದೂರದರ್ಶನದಲ್ಲಿ ಬರತೊಡಗಿದಾಗ ಅದು ಕೋಮುಭಾವನೆ ಕೆರಳಿಸುತ್ತದೆಂದು ಆಕ್ಷೇಪ ಎದ್ದಿತು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇಡೀ ಧಾರಾವಾಹಿಯನ್ನು ಕೂತು ನೋಡಿದರು. ಆಕ್ಷೇಪಿಸುವವರಲ್ಲಿ ಹೆಚ್ಚಿನವರು ಸಾಮಾನ್ಯವಾಗಿ ಮಾಡದ ಕೆಲಸವಿದು. ಪ್ರಸಾರ ಮುಂದುವರಿಯಲೆಂದು ಅವರು ಹೇಳಿದ್ದನ್ನು ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದು, ಕೃತಿಯೊಂದರ ಪರಿಣಾಮವನ್ನು ಸಮಚಿತ್ತದ, ಧೈರ್ಯವುಳ್ಳ ಸಾಮಾನ್ಯ ಮನುಷ್ಯನ ಅಳತೆಗೋಲಿನಿಂದ ಅಳೆಯಬೇಕೇ ಹೊರತು ಎಲ್ಲದರಲ್ಲೂ ಅಪಾಯ ಕಾಣುವವನ ಅಳತೆಯಿಂದಲ್ಲ ಎಂಬ ಹಳೆಯ ತತ್ವವನ್ನು ನೆನಪಿಸಿತು.

ಅದೇ ವರ್ಷದ ಇನ್ನೊಂದು ಪ್ರಕರಣ ಇನ್ನೂ ಕುತೂಹಲಕರ, ಏಕೆಂದರೆ ಅದರಲ್ಲಿ ತಡೆ ಕೇಳಿದವರು ಸಂಪ್ರದಾಯಸ್ಥರಲ್ಲ. ಮಹಾರಾಷ್ಟ್ರದ ಲೋಕವಿಜ್ಞಾನ ಸಂಘಟನೆ ಎಂಬ ವಿಜ್ಞಾನಪ್ರಸಾರದ ಸಂಸ್ಥೆ, ದೂರದರ್ಶನದ ‘ಹೋನಿ ಅನ್‌ಹೋನಿ’ ಧಾರಾವಾಹಿ ಅಲೌಕಿಕ ಘಟನೆಗಳನ್ನು ತೋರಿಸಿ ಮೂಢನಂಬಿಕೆ ಬೆಳೆಸುತ್ತದೆಂದು ಬಾಂಬೆ ಹೈಕೋರ್ಟಿಗೆ ಹೋಗಿ ಕೊನೆಯ ಕಂತುಗಳಿಗೆ ತಡೆ ತಂದಿತು. ಸುಪ್ರೀಂ ಕೋರ್ಟಿನಲ್ಲಿ ಆ ತಡೆಯನ್ನು ತೆರವುಗೊಳಿಸಿದ ಪೀಠದಲ್ಲಿದ್ದವರು ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ಮುಂದೆ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರು; ಪತ್ರಿಕೆಯಲ್ಲಿ ತನ್ನ ಅಭಿಪ್ರಾಯ ಅಚ್ಚು ಹಾಕಿಸುವ ಹಕ್ಕಿನಂತೆಯೇ ದೂರದರ್ಶನದಲ್ಲಿ ನಿಯಮಗಳಿಗೆ ಒಳಪಟ್ಟು ಚಿತ್ರ ತೋರಿಸುವ ಹಕ್ಕೂ ನಾಗರಿಕನಿಗಿದೆ ಎಂಬ ನಿಲುವು ಅಲ್ಲಿ ಸ್ಥಿರವಾಯಿತು. ಮರುವರ್ಷ, 1989ರ ಮಾರ್ಚ್‌ನಲ್ಲಿ, ‘ಒರೇ ಒರು ಗ್ರಾಮತ್ತಿಲೇ’ ಎಂಬ ತಮಿಳು ಚಿತ್ರದ ಪ್ರಕರಣದಲ್ಲಿ ಇನ್ನೊಬ್ಬ ಕನ್ನಡಿಗ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟರು ಬರೆದ ತೀರ್ಪು, ಪ್ರತಿಭಟನೆ ಮತ್ತು ಹಿಂಸೆಯ ಬೆದರಿಕೆ ಇದೆಯೆಂಬ ಕಾರಣಕ್ಕೆ ಅಭಿವ್ಯಕ್ತಿಯನ್ನು ಹತ್ತಿಕ್ಕುವಂತಿಲ್ಲ, ಬೆದರಿಕೆ ಹಾಕುವವರನ್ನು ಹತೋಟಿಯಲ್ಲಿಡುವುದೇ ಸರ್ಕಾರದ ಕೆಲಸ ಎಂದಿತು. ಮೂರು ದಶಕ ಕಳೆದರೂ ಠಾಣೆಗಳ ಮಟ್ಟಕ್ಕೆ ಈ ಮಾತು ಇಳಿದಿಲ್ಲ. ಅಲ್ಲಿ ಈಗಲೂ ಮೊದಲು ಕರೆಸುವುದು ಚಿತ್ರಮಂದಿರದ ಮಾಲೀಕನನ್ನು.

ವಿಜ್ಞಾನದ ಪರವಾಗಿರುವವರು ಸೋತ ಆ ಪ್ರಕರಣ ಅನೇಕರಿಗೆ ಅಸಮಾಧಾನ ತರಬಹುದು. ಬೆಳಗಿನ ಹೊತ್ತು ಕನ್ನಡದ ವಾಹಿನಿಗಳಲ್ಲಿ ಕುಳಿತು ಗ್ರಹಗತಿಯ ಹೆಸರಿನಲ್ಲಿ ಹೆದರಿಸುವವರನ್ನು ನೋಡಿದರೆ ಆ ಅಸಮಾಧಾನ ಅರ್ಥವಾಗುವಂಥದೇ. 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ, ಆಗಸ್ಟ್‌ನಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಗುಂಡಿಗೆ ಬಲಿಯಾದ ಸೀಮೆಯಲ್ಲಿ ವೈಚಾರಿಕರ ಕಳವಳವನ್ನು ಹಗುರವಾಗಿ ಕಾಣಲಾಗದು. ಆದರೂ ಅವರು ಹಿಡಿದ ದಾರಿಗೂ ಸೆಟ್ಟಿಗೆ ಬೆಂಕಿ ಇಟ್ಟವರ ದಾರಿಗೂ ಅಜಗಜಾಂತರವಿದೆ: ಅವರು ಅರ್ಜಿ ಬರೆದರು, ವಾದಿಸಿದರು, ಸೋತರು, ಸೋತದ್ದು ಏಕೆಂದು ಓದಲು ಅವರಿಗೊಂದು ತೀರ್ಪು ಸಿಕ್ಕಿತು. ನಿರ್ದಿಷ್ಟ ವಂಚನೆಯನ್ನು ನಿರ್ದಿಷ್ಟ ಕಾನೂನಿನಿಂದ ತಡೆಯಬಹುದೆಂಬುದಕ್ಕೂ ಉದಾಹರಣೆಯಿದೆ; 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಪವಾಡದ ಯಂತ್ರಗಳನ್ನು ಟಿವಿಯಲ್ಲಿ ಜಾಹೀರಾತು ಮಾಡಿ ಮಾರುವುದು ಮಹಾರಾಷ್ಟ್ರದ 2013ರ ಮಾಟಮಂತ್ರ ವಿರೋಧಿ ಕಾಯ್ದೆಗೆ ವಿರುದ್ಧವೆಂದು ಹೇಳಿತು. ದೇವರ ಹೆಸರಿನ ತಗಡು ಮಾರುವುದು ವ್ಯಾಪಾರ, ದೆವ್ವದ ಕಥೆ ಹೇಳುವುದು ಕಥೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕದಿರುವ ತಾಳ್ಮೆ ನ್ಯಾಯಾಲಯಕ್ಕಿತ್ತು.

ಒತ್ತಡಕ್ಕೆ ಮಣಿಯದ ಪ್ರಸಂಗಗಳೂ ಇವೆ, ಮತ್ತು ಅವುಗಳಲ್ಲಿ ದೊಡ್ಡದು ಕನ್ನಡದ್ದೇ. ಅಂಬೇಡ್ಕರ್ ಅವರ ಬದುಕಿನ ಹಿಂದಿ ಧಾರಾವಾಹಿಯನ್ನು ಜೀ ಕನ್ನಡ ವಾಹಿನಿ 2020ರಲ್ಲಿ ಕನ್ನಡಕ್ಕೆ ಡಬ್ ಮಾಡಿ ‘ಮಹಾನಾಯಕ’ ಎಂದು ವಾರಾಂತ್ಯದಲ್ಲಿ ಪ್ರಸಾರ ಮಾಡತೊಡಗಿತು. ಅದನ್ನು ನಿಲ್ಲಿಸುವಂತೆ ಬೆದರಿಕೆಗಳು ಬರುತ್ತಿವೆಯೆಂದು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಬಹಿರಂಗವಾಗಿ ಹೇಳಿದರು, ನಿಲ್ಲಿಸುವುದಿಲ್ಲವೆಂದೂ ಹೇಳಿದರು. ಫೋನಿನಲ್ಲಿ ಮುಗಿದುಹೋಗಬೇಕಾಗಿದ್ದ ಒತ್ತಡ ಹೀಗೆ ಬಯಲಿಗೆ ಬಿದ್ದೊಡನೆ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಜನ ತಾವೇ ದುಡ್ಡು ಕೂಡಿಸಿ ಧಾರಾವಾಹಿಯ ಫ್ಲೆಕ್ಸ್‌ಗಳನ್ನು ಕಟ್ಟಿ ವಾಹಿನಿಯ ಬೆನ್ನಿಗೆ ನಿಂತರು. 1920ರ ಮಾರ್ಚ್‌ನಲ್ಲಿ ಶಾಹೂ ಮಹಾರಾಜರು ಯುವಕ ಅಂಬೇಡ್ಕರರನ್ನು ಜನರಿಗೆ ನಾಯಕರೆಂದು ಪರಿಚಯಿಸಿದ ಮಾಣಗಾವ ಇಚಲಕರಂಜಿಗೆ ಹತ್ತಿರದ ಊರು; ಆ ಸೀಮೆಯವರು ಅಂಬೇಡ್ಕರರ ಕಥೆಯನ್ನು 2019ರಿಂದಲೇ ಸ್ಟಾರ್ ಪ್ರವಾಹದ ಮರಾಠಿ ಧಾರಾವಾಹಿಯಲ್ಲಿ ನೋಡುತ್ತಿದ್ದರು, ಈಗ ಕನ್ನಡದಲ್ಲೂ ನೋಡುವಂತಾಯಿತು. ಡಬ್ಬಿಂಗ್ ನಿರ್ಬಂಧ ಹಾಗೆಯೇ ಉಳಿದಿದ್ದರೆ ಬೆದರಿಕೆ ಹಾಕಲು ‘ಮಹಾನಾಯಕ’ವೇ ಇರುತ್ತಿರಲಿಲ್ಲ ಎಂಬುದನ್ನು ಬೇಲಿಯ ಕಾವಲುಗಾರರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಬೇಡದ್ದನ್ನು ನೋಡದಿರುವ ಸೌಕರ್ಯ ಈಗ ಯಾವ ಕಾಲಕ್ಕಿಂತಲೂ ಹೆಚ್ಚಾಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2019ರ ಫೆಬ್ರವರಿಯಿಂದ ಜಾರಿಗೆ ತಂದ ದರಪದ್ಧತಿಯಂತೆ ಹಣ ಕೊಟ್ಟು ನೋಡುವ ಪ್ರತಿ ವಾಹಿನಿಗೂ ಬಿಡಿ ಬೆಲೆಯಿದೆ, ಗಿರಾಕಿ ತನಗೆ ಬೇಕಾದುದನ್ನಷ್ಟೇ ಆರಿಸಿಕೊಳ್ಳಬಹುದು. ಗಡಹಿಂಗ್ಲಜದ ಒಂದು ಮನೆ ಕನ್ನಡದ ವಾಹಿನಿಯನ್ನು ತೆಗೆಸಿಹಾಕಬಹುದು, ಪಕ್ಕದ ಮನೆ ಅದನ್ನೇ ಹಾಕಿಸಿಕೊಳ್ಳಬಹುದು. ಒತ್ತಡ ಗುಂಪಿನ ತಕರಾರು ಇರುವುದು ಪಕ್ಕದ ಮನೆಯ ಈ ಆಯ್ಕೆಯ ಮೇಲೆಯೇ.

2021ರ ನಿಯಮಗಳ ಮೂರು ಹಂತಗಳು ಇಲ್ಲಿಯೇ ಕೈಕೊಡುತ್ತವೆ. ಕಾರ್ಯಕ್ರಮ ಸಂಹಿತೆಯನ್ನು ಮೀರಿದ್ದು ಪ್ರಸಾರವಾಯಿತೆಂದು ನೊಂದವನಿಗೆ ಅಲ್ಲಿ ಬಾಗಿಲು ತೆರೆದಿದೆ. ಪ್ರಸಾರವಾಗಬೇಕಾಗಿದ್ದುದು ಯಾರದೋ ಒತ್ತಡದಿಂದ ನಿಂತುಹೋಯಿತೆಂದು ನೊಂದವನಿಗೆ ಒಂದು ಹಂತದಲ್ಲೂ ಜಾಗವಿಲ್ಲ. ವಾಹಿನಿ ತಾನೇ ಕೈಬಿಟ್ಟಿತೆಂದು ಹೇಳಿದರೆ ವಿಚಾರಣೆ ಅಲ್ಲಿಗೆ ಮುಗಿಯುತ್ತದೆ, ಕೈಬಿಡಲು ಹೇಳಿದವರು ಯಾರೆಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ತನ್ನ ಭಾಷೆಯಲ್ಲಿ ಒಂದು ಟಿವಿ ಕಾರ್ಯಕ್ರಮ ನೋಡಬೇಕೆಂಬ ಕನ್ನಡ ಗ್ರಾಹಕರ ಬೇಡಿಕೆ ಸಿಮೆಂಟ್ ಕಂಪನಿಗಳ ಬೆಲೆ ಒಳಸಂಚುಗಳನ್ನು ವಿಚಾರಿಸುವ ದೆಹಲಿಯ ಆಯೋಗದವರೆಗೆ ಹೋಗಬೇಕಾಗಿ ಬಂದದ್ದು ಈ ಕಾರಣಕ್ಕೆ. ಆ ಆದೇಶ ಬರುವ ಹೊತ್ತಿಗೆ ‘ಸತ್ಯಮೇವ ಜಯತೇ’ಯ ಮೂರೂ ಸರಣಿಗಳು ಮುಗಿದಿದ್ದವು.